ಜಂಕಾರ್‌ನಲ್ಲಿ ಸುಣ್ಣ ಕೇಳಿದಾಕೆ

ನೀರು ಸುತ್ತುವರಿದ ಫೋರ್ಟ್ ಕೊಚ್ಚಿಗೆ ಹೋಗುವ ದಾರಿ ಯಾವುದೆಂದು ಯಾರಾದರೂ ನನ್ನನ್ನು ಕೇಳಬೇಕು. ತಿರುವನಂತಪುರದಿಂದ ನಮ್ಮ ಬ್ಯಾಂಕಿನ ಪಾಲಾರಿವಟ್ಟಂ ಶಾಖೆಗೆ ವರ್ಗವಾಗಿ ಬಂದ ಮೇಲೆ ಈ ವಿಷಯದಲ್ಲಿ ನಾನು ವಿದ್ವಾಂಸನಾಗಿದ್ದೆ. ಸೇತುವೆ ದಾಟುವ ಬಸ್ಸಿದೆ, ದೋಣಿಯಿದೆ, ವಾಟರ್ ಮೆಟ್ರೊ ಇದೆ. ಆದರೆ ರಾಜಮಾರ್ಗವೆಂದರೆ ವೈಪಿನ್‌ವರೆಗೆ ಕಾರಿನಲ್ಲಿ ಹೋಗಿ, ವಾಹನಗಳನ್ನೇ ಹೊತ್ತು ನೀರು ದಾಟಿಸುವ ಜಂಕಾರ್ ಹತ್ತುವುದು.

"ಸೇತುವೆ ಮೇಲೇ ಹೋಗೋಣ ರೀ. ಮಗು ಕಾಯ್ತಿರತ್ತೆ" ಎಂದಳು ಹೆಂಡತಿ ವಿಮಲಾ.

ಅಂದು ಫೋರ್ಟ್ ಕೊಚ್ಚಿಯಲ್ಲಿ ಮಗಳು ಚಾರ್ವಿ ಮೊದಲ ಸಲ ವೇದಿಕೆ ಹತ್ತುವವಳಿದ್ದಳು. ನೃತ್ಯದ ಟೀಚರ್ ಜೊತೆ ಬೆಳಿಗ್ಗೆಯೇ ಹೋಗಿದ್ದವಳು ಗೆಜ್ಜೆಯ ಚೀಲವನ್ನು ಮನೆಯಲ್ಲೇ ಮರೆತಿದ್ದಳು. ಅದನ್ನು ತಲುಪಿಸುವ ಘನ ಜವಾಬ್ದಾರಿ ನನ್ನದು.

"ಸೇತುವೆಯಲ್ಲಿ ಟ್ರಾಫಿಕ್ ಇರತ್ತೆ. ನನಗೆ ಬಿಡು" ಎಂದೆ. ವಿಮಲಾ ಹಿಂದಿನ ಸೀಟಿನಲ್ಲಿ ಕೂತಳು. ಸಿಟ್ಟು ಬಂದರೆ ಹಿಂದೆ ಕೂರುವುದು ನಮ್ಮ ಮನೆಯ ಪದ್ಧತಿ.

ವೈಪಿನ್‌ನಲ್ಲಿ ಸಾಲು ನಿಂತಿತ್ತು. ಹೂವು ತರುತ್ತೇನೆಂದು ಅವಳು ಇಳಿದಳು. ಜಿಟಿಜಿಟಿ ಮಳೆ, ಗಾಜಿನ ತುಂಬ ಹಬೆ. ಸಾಲು ಕದಲುವ ಹೊತ್ತಿಗೆ ಹಿಂದಿನ ಬಾಗಿಲು ತೆರೆದು ಮುಚ್ಚಿತು. ನಾನು ಕಾರನ್ನು ಜಂಕಾರ್‌ಗೆ ಹತ್ತಿಸಿ ಕಟ್ಟಕಡೆಯ ಜಾಗದಲ್ಲಿ ನಿಲ್ಲಿಸಿದೆ.

ದಡ ಬಿಟ್ಟೊಡನೆ ಮಂಜು ಎಲ್ಲವನ್ನೂ ನುಂಗಿತು. ಹಿಂದಿನ ದಡವೂ ಇಲ್ಲ, ಮುಂದಿನದೂ ಇಲ್ಲ. ಎಲ್ಲಿಂದಲೋ ಒಂದು ದೋಣಿಯ ಸೈರನ್ ನರಳಿ ಸುಮ್ಮನಾಯಿತು. ಮೀನು ಹಿಡಿಯುವ ಚೀನಾ ಬಲೆಯ ಕಂಬಗಳು ತೋಳು ಚಾಚಿದಂತೆ ಕಂಡು ಮಾಯವಾದವು.

"ನೋಡಿದ್ಯಾ, ಎಷ್ಟು ಬೇಗ ಬಂದ್ವಿ? ಇನ್ನಾದ್ರೂ ಸಿಟ್ಟು ಬಿಡು ಮಾರಾಯ್ತಿ" ಎಂದೆ.

ಹಿಂದಿನಿಂದ "ಹೂಂ" ಎಂಬ ಉಸಿರು ಬಂತು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ವಿಮಲಾ ಎಂದಿತ್ತು.

"ಏನ್ರೀ, ನನ್ನ ಬಿಟ್ಟು ಹೊರಟೇಬಿಟ್ರಾ? ವೈಪಿನ್‌ನಲ್ಲೇ ಹೂವು ಹಿಡ್ಕೊಂಡು ನಿಂತಿದೀನಿ."

ಕನ್ನಡಿಯಲ್ಲಿ ನೋಡಿದೆ. ಹಬೆಯ ನಡುವೆ ಬಿಳಿ ಬಟ್ಟೆ, ಬಿಚ್ಚಿದ ಕೂದಲು. ಗೆಜ್ಜೆ ಘಲ್ಲೆಂದಿತು.

"ಚುಣ್ಣಾಂಬುಂಡೋ, ಮೋನೇ?"

ಸುಣ್ಣ ಇದೆಯೇ ಮಗನೇ, ಎಂದು! ತಿರುವನಂತಪುರದ ಶಾಖೆಯಲ್ಲಿ ಕರೆಂಟು ಹೋದಾಗಲೆಲ್ಲ ಕ್ಯಾಷಿಯರ್ ಹೇಳುತ್ತಿದ್ದ ಕಥೆ ನೆನಪಾಯಿತು. ಯಕ್ಷಿ ಬಿಳಿ ಸೀರೆ ಉಟ್ಟು ಬರುತ್ತಾಳೆ, ವೀಳ್ಯಕ್ಕೆ ಸುಣ್ಣ ಕೇಳುತ್ತಾಳೆ. ಕೊಟ್ಟವನ ಉಗುರು, ಕೂದಲು ಮಾತ್ರ ಸಿಗುತ್ತವೆ. ಬದುಕಬೇಕೆಂದರೆ ತಿರುಗಿ ನೋಡಬಾರದು.

ನಾನು ತಿರುಗಿ ನೋಡಲಿಲ್ಲ. ಕೀಲಿಯನ್ನು ಕಾರಿನಲ್ಲೇ ಬಿಟ್ಟು, ಬಾಗಿಲು ತೆಗೆದು ಜನರ ನಡುವೆ ನುಗ್ಗಿದೆ. ದಡ ಮುಟ್ಟಿದ ಕೂಡಲೇ ಇಳಿದು ಓಡಿದೆ. ಹಿಂದಿನಿಂದ "ಸಾರೇ, ವಂಡಿ!" ಎಂದು ಯಾರೋ ಗಾಡಿಯನ್ನು ನೆನಪಿಸಿ ಕೂಗಿದರು. ಅದೂ ಅವಳದೇ ಮಾಯೆ ಎಂದುಕೊಂಡು ಇನ್ನೂ ಜೋರಾಗಿ ಓಡಿದೆ.

ಸಭಾಂಗಣದ ಬಾಗಿಲಲ್ಲಿ ಚಾರ್ವಿ ಬರಿಗಾಲಿನಲ್ಲಿ ನಿಂತಿದ್ದಳು. ಕಣ್ಣಿನ ಕಾಡಿಗೆ ಆಗಲೇ ಕರಗಿತ್ತು.

"ಅಚ್ಛಾ, ಗೆಜ್ಜೆ ಎವಿಡೆ?"

ಅಪ್ಪಾ, ಗೆಜ್ಜೆ ಎಲ್ಲಿ ಎಂದರೆ ಏನು ಹೇಳಲಿ? ಯಕ್ಷಿಯ ಹತ್ತಿರ ಇದೆ ಎನ್ನಲೇ? ಯಕ್ಷಿಗಿಂತ ಆ ಪ್ರಶ್ನೆಗೇ ನನಗೆ ಹೆಚ್ಚು ಹೆದರಿಕೆಯಾಯಿತು. ನಿಜಕ್ಕೂ ಅಳು ಬಂತು. ಟೀಚರ್ ಪಾಪ, ಅವಳ ಸರದಿಯನ್ನು ಕೊನೆಗೆ ಹಾಕಿದರು.

ಕೊನೆಯ ಸರದಿ ಕೂಗುವ ಹೊತ್ತಿಗೆ ಹೊರಗೆ ಕಾರಿನ ಹಾರ್ನ್ ಕೇಳಿಸಿತು. ನಾನು ಊರೊಳಗೆ ಓಡಿಸಲು ಎಂದೂ ಬಿಡದಿದ್ದ ಕಾರನ್ನು ವಿಮಲಾ ಓಡಿಸಿಕೊಂಡು ಬಂದಿದ್ದಳು! ನೇರ ಒಳಗೆ ಹೋಗಿ ಮಗಳ ಕಾಲಿಗೆ ಗೆಜ್ಜೆ ಕಟ್ಟಿದಳು. ಚಾರ್ವಿ ಕುಣಿದಳು, ಚೆನ್ನಾಗಿಯೇ ಕುಣಿದಳು. ಒಂದೊಂದು ಘಲ್ ಸದ್ದಿಗೂ ನಾನು ಕುರ್ಚಿಯಲ್ಲಿ ಬೆಚ್ಚಿದೆ.

ಆಮೇಲೆ ವಿಷಯ ಗೊತ್ತಾಯಿತು. ಮಳೆಗೆ ಹೆದರಿದ ಒಬ್ಬರು ಅಜ್ಜಿ, ಇಲ್ಲಿಯವರ ಮಾತಿನಲ್ಲಿ ಅಮ್ಮೂಮ್ಮ, ಮಗನ ಬಿಳಿ ಕಾರೆಂದು ನಮ್ಮ ಬಿಳಿ ಕಾರು ಹತ್ತಿ, ಗೆಜ್ಜೆಯ ಚೀಲ ಸರಿಸಿ, ಒದ್ದೆ ಕೂದಲು ಬಿಚ್ಚಿ ತೂಕಡಿಸಿದ್ದರಂತೆ. ನನ್ನ ಫೋನಿಗೆ ಎಚ್ಚರವಾಗಿ ಸುಣ್ಣ ಕೇಳಿದ್ದಾರೆ. ಜಂಕಾರ್ ಅವರನ್ನು ಕಾರಿನ ಸಮೇತ ವೈಪಿನ್‌ಗೆ ಮರಳಿಸಿದೆ. ಅಲ್ಲಿ ಅವರ ಮಗನೂ ವಿಮಲಾಳೂ ದಡದಲ್ಲೇ ಕಾಯುತ್ತಿದ್ದರು. ಅಜ್ಜಿ ಮಗನ ಜೊತೆ ಇಳಿದರು, ವಿಮಲಾ ಅದೇ ಜಂಕಾರ್ ಹತ್ತಿ ಕಾರಿನ ಜೊತೆ ಇತ್ತ ಬಂದಳು.

"ಅವರು ಏನಂದ್ರು?" ಎಂದೆ ಮೆಲ್ಲಗೆ.

"ಡ್ರೈವರ್‌ಗೆ ತುಂಬ ಹುಷಾರಿಲ್ಲ, ಬೇರೆಯವನನ್ನ ಇಟ್ಕೋ ಮಗಳೇ ಅಂದ್ರು."

ವಿಮಲಾ ಹಾಗೆಯೇ ಮಾಡಿದ್ದಾಳೆ. ಈಗ ಕಾರು ಅವಳೇ ಓಡಿಸುತ್ತಾಳೆ, ಸೇತುವೆಯ ಮೇಲೆ. ನಾನು ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ಮಡಿಲಲ್ಲಿ ಸುಣ್ಣದ ಡಬ್ಬಿ ಇಟ್ಟುಕೊಂಡು.