ಅತ್ತೆಯ ಎರಡನೆಯ ಕುರ್ಚಿ

ಜಗತ್ತಿನ ಹಳ್ಳಿಗಳಿಗೆ ಇಂಟರ್ನೆಟ್ಟು ಹೇಗೆ ಬರಬೇಕೆಂದು ದೇಶದೇಶಗಳ ಸರಕಾರಗಳಿಗೆ ಬುದ್ಧಿ ಹೇಳುವ ಮಂಡಳಿಯೊಂದು ಜಿನೀವಾದಲ್ಲಿತ್ತು. ಆ ಮಂಡಳಿಗೆ ಬುದ್ಧಿ ಹೇಳಿದವಳು ನನ್ನ ಸೋದರತ್ತೆ. ನಗಬೇಡಿ! ಇದಕ್ಕಿಂತ ನಂಬಲಾಗದ ಸಂಗತಿ ಇನ್ನೊಂದಿದೆ. ಅವಳಂಥ ಪುಕ್ಕಲು ಹೆಂಗಸು ಕುಮಟೆಯಿಂದ ಭಟ್ಕಳದವರೆಗೆ ಜಾಲಾಡಿದರೂ ಸಿಗುತ್ತಿರಲಿಲ್ಲ.

ಅವಳಿಗೆ ಹಲ್ಲಿ ಕಂಡರೆ ಹೆದರಿಕೆ. ಹಲ್ಲಿ ಕಾಣದಿದ್ದರೆ ಇನ್ನೂ ಹೆದರಿಕೆ, ಎಲ್ಲಿ ಅಡಗಿದೆಯೋ ಎಂದು! ಶರಾವತಿ ಸೇತುವೆ ಬಂತೆಂದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಪಕ್ಕದಲ್ಲಿ ಯಾರಿದ್ದರೂ ಅವರ ಕೈ ಹಿಡಿಯುವಳು. ಒಮ್ಮೆ ಅದು ಕಂಡಕ್ಟರನ ಕೈಯಾಗಿತ್ತು, ಸೇತುವೆ ಮುಗಿಯುವ ತನಕ ಆ ಬಡಪಾಯಿ ಒಬ್ಬರಿಗೂ ಟಿಕೆಟ್ ಹರಿಯಲಿಲ್ಲ. ಇನ್ನು ಗುಡುಗು ಕೇಳಿದರಂತೂ ಮುಗಿಯಿತು. ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು, ಪಕ್ಕದ ಮನೆಗೆ ಓಡಿ, ಕ್ರಿಕೆಟ್ ನೋಡುತ್ತಿದ್ದವರ ಟೀವಿಯದ್ದನ್ನೂ ಕೀಳುವಳು. ಬೈಸಿಕೊಂಡು ಬಂದು, "ಬೈದ್ರೆ ಬೈಲಿ, ಜೀವ ಉಳೀತಲ್ಲ" ಎನ್ನುವಳು.

ಇಂಥವಳು ಕುಮಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತಳಾಗಿದ್ದಳು. ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ನಾವು ನಾಲ್ಕಾರು ಮಂದಿ ಇಂಟರ್ನೆಟ್ ಬಳಗವೊಂದನ್ನು ಕಟ್ಟಿದಾಗ ಅವಳನ್ನೇ ಅಧ್ಯಕ್ಷೆ ಮಾಡಿದೆವು. ಒಲ್ಲೆನೆನ್ನಲು ಅವಳಿಗೆ ಹೆದರಿಕೆಯಾಯಿತು, ಅಷ್ಟೇ. ನಾನು ಕಾರ್ಯದರ್ಶಿ, ಎಂದರೆ ಇಂಗ್ಲಿಷ್ ಬರುವವಳು. ದೂರದೂರಿನಲ್ಲಿ ಮನೆಯವರಿರುವ ಜನಕ್ಕೆ ಪುಕ್ಕಟೆಯಾಗಿ ಈಮೇಲ್ ತೆಗೆದು ಓದಿ ಹೇಳುವುದು, ಉತ್ತರ ಬರೆದುಕೊಡುವುದು ನಮ್ಮ ಕೆಲಸ.

ಅಧ್ಯಕ್ಷೆ ಮಾಡಿದ್ದು ಒಂದೇ ಕಾನೂನು. ಒಂದೊಂದು ಕಂಪ್ಯೂಟರಿನ ಮುಂದೆ ಎರಡೆರಡು ಕುರ್ಚಿ ಇರಬೇಕು! ಇದ್ದ ಜಾಗವೇ ಅಂಗೈಯಗಲ. ಕುರ್ಚಿಗಳ ನಡುವೆ ನುಸುಳಿ ನುಸುಳಿ ನಮ್ಮ ಮೊಣಕಾಲುಗಳಲ್ಲಿ ಚರ್ಮ ಉಳಿದಿರಲಿಲ್ಲ. ಕಂಪ್ಯೂಟರನ್ನು ಮುಟ್ಟಲೂ ಹೆದರುತ್ತಿದ್ದ ಅತ್ತೆ ದಿನವೂ ಆ ಎರಡನೆಯ ಕುರ್ಚಿಯಲ್ಲಿ ಬಂದವರ ಪಕ್ಕ ಕೂರುತ್ತಿದ್ದಳು. ಜಾಲಿ ಎಂಬ ಊರಿನಿಂದ ಒಬ್ಬ ತಾಯಿ ಗಲ್ಫಿನಲ್ಲಿದ್ದ ಮಗನ ಪತ್ರಕ್ಕೆಂದು ಭಟ್ಕಳ ದಾಟಿ ಇಲ್ಲಿಯವರೆಗೆ ಬರುತ್ತಿದ್ದರು. ಭಟ್ಕಳದಲ್ಲೇ ಸೈಬರ್ ಕೆಫೆ ಇದೆಯಲ್ಲ ಎಂದರೆ, "ಅಲ್ಲಿ ಈ ಅಕ್ಕ ಇಲ್ವಲ್ಲ" ಎಂದು ಅತ್ತೆಯನ್ನು ತೋರಿಸುವರು. ಫೋನ್ ಲೈನಿಗೆ ಇಂಟರ್ನೆಟ್ಟು ತರುವ ಮೋಡೆಮ್ಮು ಕಿರುಚಲು ಶುರುಮಾಡಿದೊಡನೆ ಇಬ್ಬರೂ ಕೈ ಕೈ ಹಿಡಿದು ನಡುಗುವರು. ನೋಡಿ ನೋಡಿ ನನ್ನ ಎದೆಯೂ ಹೊಡೆದುಕೊಳ್ಳಲು ಕಲಿತುಬಿಟ್ಟಿತು.

ಹೀಗಿರುವಾಗ ಜಿನೀವಾದಿಂದ ಈಮೇಲ್ ಬಂತು. ಹಳ್ಳಿಗಾಡಿನಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳನ್ನು ಮಂಡಳಿಯು ಸಹಭಾಗಿಗಳನ್ನಾಗಿ ಮಾಡಿಕೊಳ್ಳಲಿದೆ, ಒಪ್ಪಂದಕ್ಕೆ ಸಹಿ ಹಾಕಿ, ನಮ್ಮ ಕರಡುಗಳಿಗೆ ಅಭಿಪ್ರಾಯ ತಿಳಿಸಿ, ಎಂದು.

ಅತ್ತೆ ಬೆವರಿದಳು. "ಅಭಿಪ್ರಾಯ ತಪ್ಪಾದ್ರೆ ಎಂತ ಮಾಡ್ತ್ರು? ಹಿಡ್ಕಂಡು ಹೋದ್ರೆ?"

"ಅವರ ಹತ್ರ ಪೊಲೀಸರೇ ಇಲ್ಲ ಅತ್ತೆ. ಬರೀ ಸಲಹೆ ಕೊಡ್ತಾರೆ."

"ಬರೀ ಸಲಹೆ ಕೊಡೂಕೆ ಅಷ್ಟು ದೊಡ್ಡ ಕಟ್ಟಡವಾ?" ಎಂದವಳು, "ಪ್ರಸಾದ ಕೇಳದೆ ನಾ ಸಹಿ ಹಾಕೂದಿಲ್ಲ" ಎಂದು ಎದ್ದಳು.

ನಮ್ಮ ಕಡೆ ಮದುವೆಯಿರಲಿ, ಬಾವಿಯಿರಲಿ, ದೇವಿಯ ಮೂರ್ತಿಗೆ ಹೂವು ಅಂಟಿಸಿ ಕಾಯುವುದು ರೂಢಿ. ಬಲಗಡೆ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಬೇಡ. ಒಪ್ಪಂದದ ಪ್ರತಿ ಹಿಡಿದು ಹಳದೀಪುರದ ಗುಡಿಗೆ ಹೋದೆವು. ದೇವಿಗೂ ಇಂಗ್ಲಿಷ್ ಕಷ್ಟವಾಯಿತೋ ಏನೋ, ಹೂವು ಅಲ್ಲಾಡಲೇ ಇಲ್ಲ! ಜಿನೀವಾದವರು ಅವಸರ ಮಾಡತೊಡಗಿದಾಗ ಅತ್ತೆ, "ಇದ್ದದ್ದು ಇದ್ದ ಹಾಗೆ ಬರಿ. ಸುಳ್ಳು ಹೇಳೂಕೆ ನಂಗೆ ಹೆದರಿಕೆ" ಎಂದಳು. ಇಲ್ಲಿ ಒಬ್ಬರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ, ಅವರನ್ನು ಕೇಳದೆ ನಾವು ಏನೂ ಮಾಡುವುದಿಲ್ಲ ಎಂದು ಬರೆದೆ.

ಮರುದಿನವೇ ಮೆಚ್ಚುಗೆಯ ಸುರಿಮಳೆ! ಸ್ಥಳೀಯರೊಡನೆ ಇಷ್ಟು ಶ್ರದ್ಧೆಯಿಂದ ಸಮಾಲೋಚಿಸುವ ಸಂಸ್ಥೆಯನ್ನು ತಾವು ಕಂಡೇ ಇಲ್ಲವಂತೆ. ಒಪ್ಪಿಗೆ ಕೊಡಬೇಕಾದ ಆ ಹಿರಿಯರು ಗಂಡಸೋ ಹೆಂಗಸೋ ಎಂದು ಕೇಳಿದರು. ಹೆಂಗಸು ಎಂದೆವು. ಅವರಿಗೆ ಇನ್ನಷ್ಟು ಸಂತೋಷವಾಯಿತು. ಅವರನ್ನು ಸಭೆಗೆ ಕಳಿಸಬಹುದೇ ಎಂದರು. ಗುಡಿ ಬಿಟ್ಟು ಬರುವುದಿಲ್ಲ ಎಂದೆವು. ಆಮೇಲೊಂದು ದಿನ ಹೂವು ಬಲಗಡೆ ಬಿತ್ತು. "ಆತು, ಇನ್ನು ಅವಳೇ ನೋಡ್ಕಳ್ಳಲಿ" ಎಂದು ಅತ್ತೆ ಸಹಿ ಹಾಕಿದಳು.

ನಿಜವಾದ ಹೆದರಿಕೆ ಶುರುವಾದದ್ದು ಆಮೇಲೆ. ಮೊದಲ ಕರಡು ಬಂತು. ಹಳ್ಳಿಯ ಕೇಂದ್ರಗಳಲ್ಲಿ ಖಾಸಗಿತನ ಉಳಿಯಬೇಕು. ಅದಕ್ಕಾಗಿ ಪ್ರತಿ ಕಂಪ್ಯೂಟರಿಗೆ ಬಾಗಿಲಿರುವ ಪ್ರತ್ಯೇಕ ಗೂಡು, ಒಳಗೆ ಒಂದೇ ಕುರ್ಚಿ. ಸಹಭಾಗಿಗಳು ಮೊದಲು ಮಾಡಿ ತೋರಿಸಬೇಕು. ಆಕ್ಷೇಪವಿದ್ದರೆ ಫೋನಿನ ಸಭೆಯಲ್ಲಿ ಅಧ್ಯಕ್ಷರೇ ಹೇಳಬೇಕು.

ಅತ್ತೆ ಎರಡು ದಿನ ಊಟ ಬಿಟ್ಟಳು. "ಬಾಗಿಲು ಹಾಕ್ಸಬೇಡ ತಂಗಿ" ಎಂದು ನನ್ನೊಡನೆ ಒಂದೇ ಮಾತು. ಸಾವಿರಾರು ಜನರನ್ನು ಫೋನಿನಲ್ಲಿ ಮಾತಾಡಿಸಿದವಳಿಗೆ ತಾನೇ ಮಾತಾಡಬೇಕು ಎಂಬುದು ಹಲ್ಲಿಗಿಂತ ದೊಡ್ಡ ಹೆದರಿಕೆಯಾಗಿತ್ತು.

ಸಭೆಯ ದಿನ ಮಧ್ಯಾಹ್ನವೇ ಕಡಲ ಮೇಲೆ ಮೋಡ ಕಟ್ಟಿತು. ಸ್ಪೀಕರಿನಲ್ಲಿ ಯಾವ್ಯಾವುದೋ ದೇಶದ ದನಿಗಳು ಬಂದವು. ಕೊನೆಗೆ "ಹೊನ್ನಾವರ?" ಎಂದರು. ಅದೇ ಹೊತ್ತಿಗೆ ಗುಡುಗಿತು! ಅತ್ತೆಯ ಕಣ್ಣು ಫೋನಿನ ಪ್ಲಗ್ಗಿನ ಮೇಲೆ. ಕಿತ್ತೇಬಿಟ್ಟಳು ಎಂದುಕೊಂಡೆ. ಕೀಳಲಿಲ್ಲ. ನನ್ನ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದು ಕನ್ನಡದಲ್ಲೇ ಶುರುಮಾಡಿದಳು. ನಾನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ.

"ಎಕ್ಸ್‌ಚೇಂಜಿನಲ್ಲಿ ಮಾತಾಡೂಕೆ ಒಂದು ಗೂಡಿತ್ತು, ಗಾಜಿಂದು. ಒಬ್ಳು ಬಂದ್ಳು, ಸಣ್ಣ ಪ್ರಾಯ. ಬೊಂಬಾಯಿಂದ ಟ್ರಂಕ್ ಕಾಲು. ಗಂಡ ತೀರಿಹೋದ ಸುದ್ದಿ. ನಾನೇ ಲೈನು ಕೊಟ್ಟದ್ದು. ಅವಳು ಒಳಗೇ ಬಿದ್ಳು. ಬಾಗಿಲು ಒಳಬದಿಗೆ ತೆಗಿಯೂದು. ಅವಳೇ ಅಡ್ಡ ಬಿದ್ದಿದ್ಳು, ಎಷ್ಟು ದೂಡಿದ್ರೂ ತೆಗಿಯೂಕೆ ಬರ್ಲಿಲ್ಲ. ಗಾಜಿನ ಹೊರಗೆ ನಿಂತು ನೋಡ್ದೆ. ಫೋನು ಹಲೋ ಹಲೋ ಅಂತಿತ್ತು." ಕೊನೆಗೆ, "ಒಂದು ಕುರ್ಚಿ ಹೆಚ್ಚು ಇಡೂಕೆ ಹೇಳಿ ಅವರಿಗೆ. ಬೇಡ ಅಂದವ್ರು ಒಬ್ರೇ ಕೂತ್ಕಳ್ಳಲಿ" ಎಂದಳು.

ನನ್ನ ಇಂಗ್ಲಿಷು ಕೊನೆಯಲ್ಲಿ ಒಡೆಯಿತು. ಆಗ ಮತ್ತೊಮ್ಮೆ ಗುಡುಗಿತು ನೋಡಿ, ಹೇಳಬೇಕಾದ್ದು ಮುಗಿದಿತ್ತಲ್ಲ, ಅತ್ತೆ ಪಟ್ಟನೆ ಪ್ಲಗ್ ಕಿತ್ತುಬಿಟ್ಟಳು! ಜಿನೀವಾ ಏನೆಂದಿತೋ ದೇವರಿಗೇ ಗೊತ್ತು.

ಆಮೇಲೆ ಗೂಡು ಕಟ್ಟಲು ಬಡಗಿ ಅಳತೆಗೆ ಬಂದರೆ ಎಂದು ಹೆದರಿಕೆ, ಈಮೇಲ್ ಬಂದರೆ ಎಂದು ಹೆದರಿಕೆ. ಈಮೇಲ್ ಬಂದೇ ಬಂತು. ಅದನ್ನು ತೆಗೆಯುವ ಮೊದಲು ಅತ್ತೆಯನ್ನು ಕರೆದೆ. ಅವಳು ಬಂದವಳು ಜೀವನದಲ್ಲಿ ಮೊದಲ ಬಾರಿಗೆ ಮೊದಲನೆಯ ಕುರ್ಚಿಯಲ್ಲಿ ಕೂತಳು. ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿ, "ಇಲ್ಲಿ ಕೂತ್ಕ ತಂಗಿ. ನಂಗೆ ಹೆದರಿಕೆ ಆಗ್ತದೆ" ಎಂದಳು.

ಕೂತು ಓದಿದೆ. ಸುದ್ದಿ ಓದಲು ಬಂದವರು ಬಯಸಿದರೆ ಪಕ್ಕದಲ್ಲಿ ಇನ್ನೊಬ್ಬರು ಕೂರಲು ಕುರ್ಚಿ ಇರಬೇಕು ಎಂದು ತಿದ್ದಿದ್ದರು. ಅತ್ತೆಯ ಮುಖದ ಬಿಗಿ ಸಡಿಲಲಿಲ್ಲ.

"ಬಾಗಿಲು?" ಎಂದಳು. "ಹೊರಬದಿಗೆ ತೆಗಿಯೂದು ಅಂತ ಬರದಾರಾ?"

"ಬಾಗಿಲೇ ಇಲ್ಲ ಅತ್ತೆ. ತೆಗೆದುಹಾಕಿದ್ದಾರೆ."

ಅವಳು ನನ್ನ ಭುಜಕ್ಕೆ ಹಣೆ ಒತ್ತಿ ಅತ್ತಳು. ಅಷ್ಟು ವರ್ಷ ಆ ಗಾಜಿನ ಹೊರಗೇ ನಿಂತಿದ್ದಳು, ನನ್ನತ್ತೆ. ನಾನು ಅವಳ ಕೈ ಹಿಡಿದುಕೊಂಡು ಎರಡನೆಯ ಕುರ್ಚಿಯಲ್ಲಿ ಕೂತೇ ಇದ್ದೆ.