ಕನ್ವರ್ಟರ್ ಆರಿಸಿದ ಮೂರು ವಾರ

ಕಿವಿಯನ್ನು ನಂಬಿ ಬದುಕುವವರಿಗೆ ವಯಸ್ಸಾದಷ್ಟೂ ಜಂಬ ಹೆಚ್ಚು. ಕಣ್ಣು ಮಂದವಾದರೆ ಕನ್ನಡಕ ಹಾಕಿಕೊಂಡು ಒಪ್ಪಿಕೊಳ್ಳುತ್ತೇವೆ; ಕಿವಿಯ ವಿಷಯ ಬಂದಾಗ ಮಾತ್ರ ಎದುರಿಗಿರುವವರೇ ಸರಿಯಾಗಿ ಮಾತಾಡುತ್ತಿಲ್ಲ ಎನ್ನುತ್ತೇವೆ. ನನ್ನ ಕೆಲಸ ಮಾಸ್ಟರಿಂಗ್. ಅಂದರೆ ಬೇರೆಯವರು ರೆಕಾರ್ಡ್ ಮಾಡಿದ ಹಾಡಿಗೆ, ಅದು ಮನೆಯಿಂದ ಹೊರಡುವ ಮುಂಚೆ, ತಲೆ ಬಾಚಿ ಪೌಡರ್ ಹಚ್ಚುವುದು. ತ್ಯಾಗರಾಜನಗರದ ನಮ್ಮ ಮನೆಯ ಮಹಡಿ ರೂಮಿನಲ್ಲಿ ಹದಿನೆಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನನಗೆ ಜ್ವರ ಬಂದಂತಾಗುತ್ತದೆ. ವಂಶದಲ್ಲೇ ಇದೆಯೇನೋ. ನಮ್ಮಜ್ಜಿ ಅಂಗಡಿಯವನಿಂದ ಜಮಖಾನೆ ತುಂಬ ಸೀರೆ ಹರಡಿಸಿ, ಕೊನೆಗೆ ಯಾವುದರ ಅಂಚೂ ಸರಿಯಿಲ್ಲವೆಂದು ಬರಿಗೈಯಲ್ಲಿ ಎದ್ದು ಬರುತ್ತಿದ್ದಳು.

ಈ ಸಲ ನನ್ನ ಕೈಗೆ ಸಿಕ್ಕಿಬಿದ್ದವರು ವಿಲ್ಸನ್ ಗಾರ್ಡನ್ನಿನ ಪಾರ್ವತಕ್ಕ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಹತ್ತು ವಚನ ಹಾಡಿ ರೆಕಾರ್ಡ್ ಮಾಡಿಸಿದ್ದರು. ಅವನ್ನೆಲ್ಲ ಕಲಿಸಿದ್ದು ಬೇಗೂರಿನಲ್ಲಿರುವ ಅವರ ಅಕ್ಕ ನೀಲಮ್ಮ. ಆ ಅಕ್ಕನಿಗೆ ಈಗ ತಿಂಗಳಿಂದ ತಿಂಗಳಿಗೆ ಕಿವಿ ಮಂದವಾಗುತ್ತಿತ್ತು. "ಅವಳಿಗೆ ಕೇಳ್ಸೋವಾಗ್ಲೇ ಕೊಟ್ಬಿಡಿ ಸಾರ್, ನಾನು ಕೇಳೋದು ಅಷ್ಟೇ" ಎಂದರು ಪಾರ್ವತಕ್ಕ. ಒಂದು ವಾರ ಸಾಕು ಎಂದೆ.

ಹಾಡನ್ನು ಒಮ್ಮೆ ಹಳೇ ಕಾಲದ ಟೇಪಿಗೆ ಹಾಯಿಸಿದರೆ ದನಿಗೊಂದು ಹದ ಬರುತ್ತದೆ. ಟೇಪಿನಿಂದ ಮತ್ತೆ ಕಂಪ್ಯೂಟರಿಗೆ ಏರಿಸಲು ಕನ್ವರ್ಟರ್ ಎಂಬ ಪೆಟ್ಟಿಗೆ ಬೇಕು. ನನ್ನದೊಂದಿತ್ತು, ಹೋಲಿಸಿ ನೋಡಲು ಇನ್ನೊಂದನ್ನು ಎರವಲು ತಂದು ಪಕ್ಕದಲ್ಲಿಟ್ಟೆ. ಟೇಪನ್ನು ಬಿಟಿಎಂ ಲೇಔಟಿನಲ್ಲಿ ಸ್ಟುಡಿಯೋ ಮುಚ್ಚಿದ ಗೆಳೆಯ ಕೊಟ್ಟ. ಹಳೇ ಟೇಪು ತೇವ ಹೀರಿ ಅಂಟಂಟಾಗಿರುತ್ತದೆ, ಸಣ್ಣ ಶಾಖದಲ್ಲಿ ಒಣಗಿಸಬೇಕು. ನನ್ನ ಹೆಂಡತಿ ಸುಧಾ ಮಜ್ಜಿಗೆ ಮೆಣಸಿನಕಾಯಿ ಒಣಗಿಸಲು ತಂದಿದ್ದ ಡ್ರೈಯರಿನಲ್ಲಿಟ್ಟೆ. "ಮೊಸರನ್ನಕ್ಕೆ ಇನ್ಮೇಲೆ ಅದನ್ನೇ ನಂಚ್ಕೊಳ್ಳಿ" ಎಂದು ಅವಳು ಡ್ರೈಯರನ್ನೇ ಮಹಡಿಗೆ ಗಡೀಪಾರು ಮಾಡಿದಳು.

ಆಮೇಲೆ ಶುರುವಾಯಿತು ಹೋಲಿಕೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಮೊದಲನೆಯ ಪೆಟ್ಟಿಗೆ, ಇನ್ನೊಂದು ಒತ್ತಿದರೆ ಎರಡನೆಯದು. ಮೊದಲನೆಯದು ಕೊಂಚ ಒರಟು, ಎರಡನೆಯದರಲ್ಲಿ ತಂಬೂರಿಯ ಹಿಂದೆ ಗಾಳಿಯಾಡುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಮಾರನೆಯ ದಿನ ಅದನ್ನು ಹೊಡೆದುಹಾಕಿ ತಿರುಗಾಮುರುಗಾ ಬರೆದೆ. ಹೀಗೆ ಮೂರು ವಾರ ಕಳೆಯಿತು. ಪಾರ್ವತಕ್ಕ ಫೋನ್ ಮಾಡಿದಾಗೆಲ್ಲ ಇನ್ನೆರಡು ದಿನ ಎನ್ನುತ್ತಿದ್ದೆ. ಕೊನೆಯ ಸಲ ಅವರು ಬೈಯಲೂ ಇಲ್ಲ. "ನಿನ್ನೆ ಅಕ್ಕನಿಗೆ ನನ್ನ ಹೆಸರು ಮೂರು ಸಲ ಹೇಳ್ಬೇಕಾಯ್ತು ಸಾರ್" ಎಂದಷ್ಟೇ ಹೇಳಿ, ಮಾರನೆಯ ದಿನ ಬೆಳಿಗ್ಗೆ ಖುದ್ದಾಗಿ ಮಹಡಿ ಹತ್ತಿ ಬಂದರು.

ಕೂರಿಸಿ, ತಡವಾದದ್ದು ಸುಮ್ಮನೆ ಅಲ್ಲವೆಂದು ತೋರಿಸಹೊರಟೆ. ಕಣ್ಣು ಮುಚ್ಚಿ, ಗುಂಡಿ ಒತ್ತಿ, "ಈಗ ಕೇಳಿ, ಎರಡನೇದು. ಕಿಟಕಿ ತೆಗೆದ ಹಾಗಿಲ್ವಾ ಅಕ್ಕಾ?" ಎಂದೆ.

ಅವರು ಕೇಳುತ್ತಿರಲಿಲ್ಲ, ನೋಡುತ್ತಿದ್ದರು. "ಸಾರ್, ಆ ಡಬ್ಬಿಗೆ ಕರೆಂಟೇ ಇಲ್ವಲ್ಲ."

ಡ್ರೈಯರ್ ಮಹಡಿಗೆ ಬಂದ ದಿನ ಸಾಕೆಟ್ ಸಾಲದೆ ನಾನೇ ಕಿತ್ತಿದ್ದ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಎರಡನೆಯದು ಸಿಗದಿದ್ದಾಗ ಕಂಪ್ಯೂಟರು ಸದ್ದಿಲ್ಲದೆ ಮೊದಲನೆಯದಕ್ಕೇ ಮರಳುತ್ತಿತ್ತು. ಮೂರು ವಾರ ನಾನು ಒಂದೇ ಪೆಟ್ಟಿಗೆಯನ್ನು ಅದರ ಜೊತೆಗೇ ಹೋಲಿಸಿದ್ದೆ. ಅದರಲ್ಲಿ ಗೆದ್ದದ್ದೂ ಸೋತದ್ದೂ ಅದೇ.

ಮಧ್ಯಾಹ್ನದೊಳಗೆ ಕೆಲಸ ಮುಗಿಸಿದೆ. ಅಪರಾಧಿಯಂತೆ ಪಾರ್ವತಕ್ಕನ ಜೊತೆ ಬೇಗೂರಿಗೂ ಹೋದೆ. ನೀಲಮ್ಮನವರು ಫೋನನ್ನು ಬಲಗಿವಿಗೆ ಒತ್ತಿಕೊಂಡು ಹತ್ತೂ ವಚನ ಕೇಳಿದರು, ತೊಡೆಯ ಮೇಲೆ ತಾಳ ಹಾಕುತ್ತ. ಪಾರ್ವತಕ್ಕ ಸೆರಗಿನ ತುದಿ ಹಿಂಡುತ್ತಿದ್ದರು. ಮುಗಿದ ಮೇಲೆ ಅಕ್ಕ ಹೇಳಿದ್ದು ಇಷ್ಟು: "ಚೆನ್ನಾಗಿದೆ. ಆದ್ರೆ ಆವತ್ತು ಕಳ್ಸಿದ್ಯಲ್ಲ, ಅದ್ರಲ್ಲಿ ನಿನ್ನ ಮಾತು ಬಿಡಿಬಿಡಿಯಾಗಿ ಕೇಳ್ತಿತ್ತು ಕಣೆ."

ಪಾರ್ವತಕ್ಕ ನನ್ನ ಮುಖ ನೋಡಲಿಲ್ಲ. ನನ್ನನ್ನು ಕಾದು ಸಾಕಾಗಿ, ಎರಡನೆಯ ವಾರವೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ಹತ್ತನ್ನೂ ಫೋನಿಗೆ ಹಾಡಿ ಕಳಿಸಿಬಿಟ್ಟಿದ್ದರಂತೆ. ಅಕ್ಕ ದಿನಾ ಬೆಳಿಗ್ಗೆ ಕೇಳುತ್ತಿದ್ದರಂತೆ.

ಮಾನವಿದ್ದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ನಾನು ಗೇಟು ದಾಟುವಷ್ಟರಲ್ಲಿ ಪಾರ್ವತಕ್ಕನ ಫೋನನ್ನು ಎರಡು ದಿನದ ಮಟ್ಟಿಗೆ ಕೊಡಲಾದೀತೇ, ಸ್ವಲ್ಪ ಹೋಲಿಸಿ ನೋಡಬೇಕು ಎಂದು ಕೇಳಿಯೇಬಿಟ್ಟೆ. ಅವರು ಫೋನನ್ನು ಬ್ಯಾಗಿನೊಳಗೆ ಹಾಕಿ, ಜಿಪ್ ಎಳೆದುಕೊಂಡರು.