ಹೊಡೆಯುವವಳಿಗೊಂದು ಬ್ಯಾಟು

ಬೇರೆಯವರು ಅಂಗಡಿಗೆ ಹೋದರೆ ಸಾಮಾನು ತರುತ್ತಾರೆ. ನಾನು ಹೋದರೆ ಸಾಮಾನಿನ ಜೊತೆಗೆ ಒಂದು ಫಜೀತಿಯನ್ನೂ ತರುತ್ತೇನೆ. ದವಾಖಾನೆಯ ಲ್ಯಾಬಿನಲ್ಲಿ ದಿನವೂ ಮಂದಿಯ ರಕ್ತ ತೆಗೆಯುವವಳು ನಾನು. ಸೂಜಿ ಹಿಡಿದಾಗ ಕೈ ಒಂದಿಷ್ಟೂ ನಡುಗುವುದಿಲ್ಲ. ಆದರೆ ಎರಡು ಸೀರೆ ಮುಂದಿಟ್ಟು ಒಂದನ್ನು ಆರಿಸು ಅಂದರೆ ಅದೇ ಕೈ ಬೆವರುತ್ತದೆ. ಅಂಥವಳ ಪಾಲಿಗೆ ಹೋದ ವರ್ಷ ಬ್ಯಾಡ್ಮಿಂಟನ್ ಬ್ಯಾಟು ಆರಿಸುವ ಕೆಲಸ ಬಂತು.

ಪಾಳಿ

ಧಾರವಾಡದ ನಮ್ಮ ಬಡಾವಣೆಯ ಕ್ಲಬ್ಬಿನಲ್ಲಿ ನಾನೂ ನನ್ನ ನೆಗೆಣ್ಣಿಯೂ ಜೋಡಿಯಾಗಿ ಡಬಲ್ಸ್ ಆಡುತ್ತೇವೆ. ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಕರೆಯುವುದು ಅಕ್ಕ ಎಂದು. ಅಕ್ಕ ಮುಂದೆ ನೆಟ್ಟಿನ ಹತ್ತಿರ ನಿಂತು ನಯವಾಗಿ ತಟ್ಟುತ್ತಾಳೆ, ನಾನು ಹಿಂದೆ ನಿಂತು ಜೋರಾಗಿ ಹೊಡೆಯುತ್ತೇನೆ. ಅಡುಗೆಮನೆಯಲ್ಲಿ ಮಾತ್ರ ಇದು ತಿರುವುಮುರುವು.

ಆಗ ಹುಬ್ಬಳ್ಳಿ–ಧಾರವಾಡದ ಕ್ಲಬ್ಬುಗಳ ನಡುವೆ ಹೆಂಗಸರ ಡಬಲ್ಸ್ ಪಂದ್ಯ ಹತ್ತಿರ ಬಂದಿತ್ತು. ಬೆಳಗಿನ ಹೊತ್ತು ಹೆಂಗಸರಿಗೆಂದು ಬಿಟ್ಟುಕೊಟ್ಟಿದ್ದ ಕೋರ್ಟಿನ ಮೇಲೆ ಗಂಡಸರ ಕಣ್ಣಿತ್ತು. “ಈ ಸಲಾನೂ ಮೊದಲನೇ ಮ್ಯಾಚಿಗೇ ಸೋತ ಬಂದ್ರ, ಮುಂಜಾನಿ ಟೈಮು ನಾವ ತೊಗೊತೇವಿ ನೋಡ್ರಿ” ಎಂದು ಕ್ಲಬ್ಬಿನ ಸೆಕ್ರೆಟರಿ ನಗುನಗುತ್ತ ಹೇಳಿದ್ದರು. ಸಿಟ್ಟಿನಿಂದ ಹೇಳಿದ್ದರೆ ಮರೆತುಬಿಡುತ್ತಿದ್ದೆನೇನೋ. ನಗುತ್ತ ಹೇಳಿದ್ದಕ್ಕೇ ನನಗೆ ಊಟ ಸೇರಲಿಲ್ಲ.

ಅದೇ ಚಿಂತೆಯಲ್ಲಿ ಪ್ರ್ಯಾಕ್ಟೀಸಿಗೆ ಇಳಿದೆ. ಶಟಲ್ ಸರಿಯಾಗಿ ನಮ್ಮಿಬ್ಬರ ನಡುವೆ ಬಂತು. “ನಂದು!” ಎಂದಳು ಅಕ್ಕ. “ನಂದು!” ಎಂದೆ ನಾನು. ಇಬ್ಬರೂ ಒಮ್ಮೆಲೇ ಬೀಸಿದೆವು. ಶಟಲ್ ತನ್ನ ಪಾಡಿಗೆ ತಾನು ಕೆಳಗೆ ಬಿತ್ತು. ಬ್ಯಾಟಿಗೆ ಬ್ಯಾಟು ಬಡಿದು ನನ್ನದು ಸೀಳಿತು, ಅಕ್ಕನದು ಪುಟಿದು ಅವಳ ಹಣೆಗೇ ಹೊಡೆಯಿತು.

ನಾನು ಕೋರ್ಟಿನ ಮೇಲೆ ಕುಸಿದು ಕುಳಿತೆ. “ಅಯ್ಯ ಶಿವನ! ಎಷ್ಟ ದೊಡ್ಡ ಸೀಳು! ಇನ್ನ ಹೆಂಗ ಮಾಡೂದು?” ಎಂದು ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಸವರತೊಡಗಿದೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲಿಂದ ಸಣ್ಣ ದನಿ ಬಂತು. ಅಕ್ಕ ಹಣೆ ಒತ್ತಿಹಿಡಿದು ನಿಂತಿದ್ದಳು. ಬೆರಳ ಸಂದಿಯಲ್ಲಿ ಬುಗುಟೆ ಇಣುಕುತ್ತಿತ್ತು.

“ಅದರದ ತಪಾಸಣಿ ಮುಗದ ಮ್ಯಾಲ ನಂದೂ ಒಂಚೂರು ನೋಡವ್ವ. ಪಾಳಿ ಹಚ್ಚೇನಿ.”

ಗ್ಯಾರಂಟಿ

ಹೊಸ ಬ್ಯಾಟಿಗೆ ಗಂಡನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಆಟದ ಸಾಮಾನಿನ ಅಂಗಡಿಯ ಚಾಚಾ ತಾಳ್ಮೆಯ ಮನುಷ್ಯರು.

“ಹೆಂಗ ಆಡ್ತೀರಿ ಅಕ್ಕಾರ? ಕಾಯೂ ಆಟೋ, ಹೊಡ್ಯೂ ಆಟೋ?”

ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ನಾನು ಸಣ್ಣ ದನಿಯಲ್ಲಿ, “ಹೊಡ್ಯೂದು” ಅಂದೆ.

“ಆಂ?”

“ಹೊಡೀತಾಳ್ರೀ!” ಎಂದು ನನ್ನ ಗಂಡ ಇಡೀ ಅಂಗಡಿಗೆ ಕೇಳುವಂತೆ ಹೇಳಿದರು. “ಅದಕ್ಕ ನಾ ಗ್ಯಾರಂಟಿ.”

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಒಬ್ಬ ಹಿರಿಯರಂತೂ ನನ್ನ ಗಂಡನಿಗೆ ಕೂತುಕೊಳ್ಳಲು ಸ್ಟೂಲು ಸರಿಸಿದರು.

ಚಾಚಾ ಬ್ಯಾಟುಗಳನ್ನು ಒಂದೊಂದಾಗಿ ಇಳಿಸಿ ತಿಳಿಸಿ ಹೇಳಿದರು. ಹಿಂದೆ ನಿಂತು ಹೊಡೆಯುವವರಿಗೆ ಬ್ಯಾಟಿನ ತಲೆ ಒಂಚೂರು ಭಾರ ಇರಬೇಕು, ಆಗ ಏಟು ಜೋರಾಗಿ ಬೀಳುತ್ತದೆ. ಆದರೆ ಡಬಲ್ಸಿನಲ್ಲಿ ಶಟಲ್ ಥಟ್ಟನೆ ತಿರುಗಿ ಬರುವುದರಿಂದ ಭಾಳ ಭಾರವೂ ಆಗಬಾರದು, ಕೈ ಲಗೂ ಏಳುವುದಿಲ್ಲ. ಹಿಡಿಕೆಗೂ ತಲೆಗೂ ನಡುವಿನ ಕಡ್ಡಿ ಬಿರುಸಾದರೆ ಗುರಿ ಸರಿ, ಆದರೆ ಮಣಿಕಟ್ಟಿನಲ್ಲಿ ಜೋರು ಬೇಕು. ಕಡ್ಡಿ ಬಾಗುವಂಥದ್ದಾದರೆ ಕೈಗೆ ಹಗುರ.

ಅಷ್ಟು ಕೇಳಿದ್ದೇ ನನ್ನ ತಲೆ ಭಾರವಾಯಿತು. “ಭಾರ ತೊಗೊಂಡು ಭುಜ ಹಿಡದ್ರ? ಹಗರ ತೊಗೊಂಡು ಏಟು ಬೀಳಲಿಲ್ಲಂದ್ರ? ನಡಕಿಂದು ತೊಗೊಂಡು ಎರಡೂ ಆದ್ರ?” ಎಂದು ಕೇಳುತ್ತಲೇ ಹೋದೆ. ಕೊನೆಗೆ ಚಾಚಾ, “ಒಮ್ಮಿ ಬೀಸಿ ನೋಡ್ರಿ, ಕೈಗೆ ತಾನ ಗೊತ್ತಾಗತೈತಿ” ಅಂದರು.

ಕಣ್ಣು ಮುಚ್ಚಿ, ಸೆಕ್ರೆಟರಿಯ ನಗುವನ್ನು ನೆನೆಸಿಕೊಂಡು ಬೀಸಿದೆ. ಹಿಂದಿನ ಕಪಾಟಿನಲ್ಲಿದ್ದ ಕೇರಂ ಪೌಡರಿನ ಡಬ್ಬಿ ಹಾರಿ, ಮುಚ್ಚಳ ಕಿತ್ತು, ಒಳಗಿದ್ದುದೆಲ್ಲ ಗಂಡನ ಮೇಲೆ ಸುರಿಯಿತು. ಬಿಳಿ ಮೋಡ ಇಳಿದಾಗ ಅವರು ಸ್ಟೂಲಿನ ಮೇಲೆ ಹಾಗೇ ಕೂತಿದ್ದರು. ಹುಬ್ಬು ಯಾವುದು, ಮೀಸೆ ಯಾವುದು ಒಂದೂ ಗೊತ್ತಾಗುತ್ತಿರಲಿಲ್ಲ.

ಚಾಚಾ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಎರಡು ಬ್ಯಾಟು ಚೀಲಕ್ಕೆ ಹಾಕಿ ನನ್ನ ಕೈಗಿಟ್ಟರು. “ಎರಡೂ ಒಯ್ದು ಆಡಿ ನೋಡ್ರಿ. ಸೇರಿದ್ದು ಹೇಳ್ರಿ. ಆದ್ರ ನಿಮ್ಮ ಕ್ಲಬ್ಬಿನ್ಯಾಗ ನೋಡ್ರಿ ಅಕ್ಕಾರ, ಇಲ್ಲಿ ಬ್ಯಾಡ.”

ಎಲುಬಿನ ಸಲಹೆ

ಎರಡರಲ್ಲಿ ಒಂದರ ಕಡ್ಡಿ ಬಿರುಸು, ಇನ್ನೊಂದರದು ಸ್ವಲ್ಪ ಬಾಗುತ್ತಿತ್ತು. ಕ್ಲಬ್ಬಿಗೆ ಒಯ್ದದ್ದೇ ತಪ್ಪಾಯಿತು. ಬಿರುಸಿನದೇ ಬೇಕು ಎಂದವರು ಅರ್ಧ, ಬೇಡವೇ ಬೇಡ ಎಂದವರು ಅರ್ಧ. ಕಡೆಗೆ, ನಮ್ಮಲ್ಲಿ ಆಡಲು ಬರುವ ಎಲುಬಿನ ಡಾಕ್ಟರನ್ನು ಕೇಳುವುದೇ ಸರಿ ಎಂದುಕೊಂಡೆ. ಭುಜದ ವಿಷಯ ಅವರಿಗಿಂತ ಯಾರಿಗೆ ಗೊತ್ತು?

ಅವರು ಎರಡನ್ನೂ ಬಾಗಿಸಿ, ಬೀಸಿ ನೋಡಿ, “ಬಿರುಸಿಂದ ತೊಗೊಳ್ರಿ” ಎಂದರು.

“ಭುಜಕ್ಕ ಏನೂ ಆಗಂಗಿಲ್ಲಲ್ರಿ ಸರ್?”

“ಆಗತೈತ್ರಿ.”

“ಮತ್ತ?”

“ಮತ್ತೇನ್ರಿ? ಬರೇ ಅಪಘಾತದ ಮಂದೀನ ನೋಡಿ ನೋಡಿ ಸಾಕಾಗೇತಿ. ನಮ್ಮ ಕ್ಲಬ್ಬಿನವರು ಒಬ್ರರ ಬರ್ಲಿ, ಮಾತಾಡಾಕ ಆಗತೈತಿ.”

ಬಾಗುವುದನ್ನೇ ಇಟ್ಟುಕೊಂಡೆ.

ಟೆನ್ಶನ್

ಬ್ಯಾಟಿನ ಜಾಳಿಗೆಯನ್ನು ಎಷ್ಟು ಬಿಗಿಯಾಗಿ ಎಳೆದು ಕಟ್ಟಬೇಕು ಎನ್ನುವುದಕ್ಕೆ ಆಟಗಾರರು ಟೆನ್ಶನ್ ಅನ್ನುತ್ತಾರೆ. ಹೊಡೆಯುವವಳಲ್ಲವೇ ಎಂದು ನಾನು ಧೈರ್ಯ ಮಾಡಿ ಚಾಚಾಗೆ ಭಾಳ ಬಿಗಿಯಾಗಿ ಕಟ್ಟಲು ಹೇಳಿ ಬ್ಯಾಟು ಬಿಟ್ಟುಬಂದೆ. ಲ್ಯಾಬಿನಲ್ಲಿ ಫೋನು ಎತ್ತುವಂತಿಲ್ಲವೆಂದು ಮನೆಯ ನಂಬರ್ ಕೊಟ್ಟಿದ್ದೆ.

ಮರುದಿನ ಡ್ಯೂಟಿ ಮುಗಿಸಿ ಮನೆಗೆ ಬಂದರೆ ಟೀವಿ ಬಂದ್ ಆಗಿತ್ತು. ಅತ್ತೆ ತಾವೇ ಬಂದು ಗೇಟು ತೆಗೆದು ನನ್ನ ಚೀಲ ಇಸಿದುಕೊಂಡರು. ಗಂಡ ಆ ಹೊತ್ತಿನಲ್ಲಿ ಎಂದೂ ಮನೆಯಲ್ಲಿ ಇರುವವರಲ್ಲ; ಅವತ್ತು ಸೋಫಾದ ಅಂಚಿನಲ್ಲಿ ಕೈಕಟ್ಟಿ ಕೂತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಯಾರಿಗೆ ಏನಾಯಿತು? ತವರಿನಿಂದ ಏನಾದರೂ ಸುದ್ದಿ ಬಂತೇ?

“ಯಾರಿಗೂ ಏನೂ ಆಗಿಲ್ಲ, ನೀ ಮೊದ್ಲ ಕುಂದರವ್ವ” ಎಂದು ಅತ್ತೆ ತಟ್ಟೆ ತಂದಿಟ್ಟರು. ಖಾರವಿಲ್ಲದ ಪಲ್ಯ, ಉಪ್ಪಿಲ್ಲದ ಸಾರು. ನನ್ನದೇ ಯಾವುದೋ ರಿಪೋರ್ಟು ನನಗೇ ಗೊತ್ತಿಲ್ಲದೆ ಮನೆಗೆ ಬಂದಿದೆ ಎಂದು ಖಾತ್ರಿಯಾಯಿತು.

ಗಂಡ ಹತ್ತಿರ ಬಂದು ಮೆಲ್ಲಗೆ, “ಕೆಲಸಾ ಭಾಳ ಆಗಿದ್ರ ಒಂದಿಷ್ಟ ದಿನ ರಜಾ ಹಾಕು. ನಮಗ್ಯಾಕ ಹೇಳಲಿಲ್ಲ ನೀ?” ಅಂದರು.

“ಏನ್ ಹೇಳಬೇಕಿತ್ರಿ?” ಎಂದು ನಾನು ಅಳುವುದೊಂದು ಬಾಕಿ.

ಆಗ ಅತ್ತೆ ಬಾಯಿಬಿಟ್ಟರು. “ಮಧ್ಯಾಹ್ನ ಹುಬ್ಬಳ್ಳಿಯಿಂದ ಒಬ್ರು ಫೋನ್ ಮಾಡಿದ್ರವಾ. ‘ನಿಮ್ಮ ಸೊಸಿಯವ್ರದು ಟೆನ್ಶನ್ ಭಾಳ ಆತ್ರಿ ಅಮ್ಮಾರ, ಅಷ್ಟ ತಡಕೊಳ್ಳಂಗಿಲ್ಲ, ಪಟ್ ಅಂತ ಹರೀತೈತಿ. ಕಡಿಮಿ ಮಾಡ್ಲೇನು?’ ಅಂದ್ರು. ನನ್ನ ಕೈಕಾಲಾಗಿನ ಜೀವಾನ ಹೋತು.”

ನನ್ನ ಕೈಕಾಲಿನ ಜೀವ ಹೋದದ್ದು ಆಗ. “ನೀವೇನಂದ್ರಿ ಅತ್ತಿ?”

“ಏನನ್ನಲಿ? ‘ನಿನಗ ಪುಣ್ಯಾ ಬರತೈತಪಾ, ಎಷ್ಟ ಕಡಿಮಿ ಮಾಡಾಕ ಬರತೈತೋ ಅಷ್ಟೂ ಮಾಡು’ ಅಂದೆ.” ಅತ್ತೆ ನನ್ನ ತಲೆ ನೇವರಿಸಿದರು. “ಎಂಥಾ ಛಲೋ ಡಾಕ್ಟ್ರು ಅಂತೀನಿ. ಫೋನಿನ್ಯಾಗ ಕಡಿಮಿ ಮಾಡೇ ಬಿಡ್ತೇನಿ ಅಂದ್ರು.”

ಬಗ್ಗುವ ವಿದ್ಯೆ

ಅವತ್ತೇ ಸಂಜೆ ಬ್ಯಾಟು ಕೈಗೆ ಬಂತು, ಪಂದ್ಯ ಮರುದಿನವೇ. ಚಾಚಾ ಮಾತು ಉಳಿಸಿಕೊಂಡಿದ್ದರು. ಜಾಳಿಗೆ ಹಳೆಯ ಹೊರಸಿನ ಹಗ್ಗದ ಹಾಗೆ ಜೋಲುತ್ತಿತ್ತು. ಬಿಚ್ಚಿ ಕಟ್ಟಿಸಲು ಹೊತ್ತಿರಲಿಲ್ಲ. ಬೇರೆಯವರ ಬ್ಯಾಟು ಕೈಗೆ ಹೊಂದುವುದಿಲ್ಲ ಎಂಬ ಭಯ ಬೇರೆ. ಅದನ್ನೇ ಹಿಡಿದು ಹುಬ್ಬಳ್ಳಿಯ ಕೋರ್ಟಿಗೆ ಇಳಿದೆ. ಎದುರಿಗೆ ಎತ್ತರದ ಇಬ್ಬರು ಹೆಂಗಸರು, ಇಬ್ಬರೂ ಕೋರ್ಟಿನ ತುಂಬ ಓಡಾಡುವವರು. ಗ್ಯಾಲರಿಯಲ್ಲಿ ಸೆಕ್ರೆಟರಿ, ಅದೇ ನಗು.

ಮೊದಲ ಏಟು ಹೊಡೆದೆ. ಸಡಿಲು ಜಾಳಿಗೆಯಿಂದ ಶಟಲ್ ಎತ್ತ ಹೋಗುತ್ತದೆ ಎಂದು ದೇವರಿಗೇ ಗೊತ್ತು. ಅದು ನೇರ ಹೋಗಿ ಮುಂದೆ ನಿಂತಿದ್ದ ಅಕ್ಕನ ತುರುಬಿಗೆ ನಾಟಿ, ಅಲ್ಲೇ ನಿಂತಿತು. ಅಂಪೈರು ಹುಡುಕಿದರು, ಎದುರಿನವರು ಹುಡುಕಿದರು. ಅಕ್ಕನೂ ಹುಡುಕಿದಳು. ಆಮೇಲೆ ನಾನೇ ಹೋಗಿ ತಲೆಯಿಂದ ಕಿತ್ತು ಕೊಟ್ಟೆ.

ಅಲ್ಲಿಂದ ಮುಂದೆ ಅಕ್ಕನಿಗೆ ಎದುರಾಳಿಗಳ ಭಯ ಹೋಗಿ ನನ್ನ ಭಯ ಶುರುವಾಯಿತು. ನಾನು ತೋಳೆತ್ತಿದ್ದು ಗೊತ್ತಾದರೆ ಸಾಕು, ತಲೆಯ ಮೇಲೆ ಕೈಯಿಟ್ಟು ಬಗ್ಗಿ ಕೂತುಬಿಡುವಳು. ನನ್ನ ಏಟುಗಳು ಅವಳ ಮೇಲೆ ಹಾಯ್ದು, ಎದುರಿನವರ ಮೇಲೂ ಹಾಯ್ದು, ಗೆರೆಯ ಆಚೆಗೆ ಬೀಳುತ್ತಿದ್ದವು. ಮೊದಲ ಗೇಮು ಹೋಯಿತು. ಸೆಕ್ರೆಟರಿ ಪಕ್ಕದವರಿಗೆ ಏನೋ ಹೇಳುತ್ತಿದ್ದರು. ನಮ್ಮ ಮುಂಜಾನೆಯ ಕೋರ್ಟನ್ನು ಆಗಲೇ ಹಂಚುತ್ತಿದ್ದಾರೆ ಅನ್ನಿಸಿತು.

ಎರಡನೇ ಗೇಮಿನಲ್ಲಿ ಎದುರಿನವರು ಒಂದು ಗುಟ್ಟು ಕಂಡುಕೊಂಡರು: ಮುಂದಿನವಳು ಬಗ್ಗಿದರೆ ಹಿಂದಿನವಳು ಜೋರಾಗಿ ಹೊಡೆಯುತ್ತಾಳೆ. ಅಕ್ಕ ಬಗ್ಗಿದಾಗೆಲ್ಲ ಇಬ್ಬರೂ ಹಿಂದಿನ ಗೆರೆಗೆ ಓಡಿ ನಿಲ್ಲತೊಡಗಿದರು. ಒಮ್ಮೆ ನಾನು ಪೂರ್ತಿ ತೋಳೆತ್ತಿದೆ. ಅಕ್ಕ ಬಗ್ಗಿದಳು, ಅವರು ಓಡಿದರು. ಚಿಂತೆಗೆ ನನ್ನ ಅಂಗೈ ಎಷ್ಟು ಬೆವತಿತ್ತೆಂದರೆ, ಬೀಸುವ ಹೊತ್ತಿಗೆ ಹಿಡಿತ ಜಾರಿ ಏಟೇ ಬೀಳಲಿಲ್ಲ. ಶಟಲ್ ತೂಕಡಿಸಿದಂತೆ ನೆಟ್ಟು ದಾಟಿ ಅಲ್ಲೇ ಬಿತ್ತು. ಅಲ್ಲಿ ಯಾರೂ ಇರಲಿಲ್ಲ.

ನಮಗೆ ಪಾಯಿಂಟು!

ಆಮೇಲೆ ನಾನು ಬೇಕೆಂದೇ ಹಾಗೆ ಮಾಡತೊಡಗಿದೆ. ಆಕಾಶ ಹರಿಯುವಂತೆ ತೋಳೆತ್ತುವುದು, ಮಗುವಿನ ಬೆನ್ನು ತಟ್ಟಿದಂತೆ ತಟ್ಟುವುದು. ನಡುನಡುವೆ ಅವರು ಮುಂದೆ ಬಂದು ನಿಂತಾಗ ಖರೇನೇ ಹೊಡೆಯುತ್ತಿದ್ದೆ, ಹೀಗಾಗಿ ಅವರಿಗೆ ಹಿಂದೆ ಓಡದೆ ವಿಧಿಯಿರಲಿಲ್ಲ. ಅಕ್ಕನಿಗೆ ಇದನ್ನು ತಿಳಿಸಿ ಹೇಳಲು ಸಮಯವೇ ಸಿಗಲಿಲ್ಲ. ಅವಳು ಕೊನೆಯವರೆಗೂ ಅಷ್ಟೇ ನಿಷ್ಠೆಯಿಂದ ಬಗ್ಗಿದಳು. ಎರಡನೆಯದು ಗೆದ್ದೆವು, ಮೂರನೆಯದೂ ಗೆದ್ದೆವು. ಸೆಕ್ರೆಟರಿ ಎಲ್ಲರಿಗಿಂತ ಮೊದಲು ಬಂದು ಕೈಮುಗಿದು, “ಮುಂಜಾನಿ ಕೋರ್ಟು ನಿಮ್ದ ರೀ” ಅಂದರು. ಎಷ್ಟೋ ದಿನಗಳ ಮೇಲೆ ನನಗೆ ಹಸಿವಾಯಿತು.

ಕೈಕುಲುಕುವಾಗ ಎದುರಿನ ಇಬ್ಬರಲ್ಲಿ ಹಿರಿಯಾಕೆ ಅಕ್ಕನ ಕೈ ಬಿಡಲೇ ಇಲ್ಲ. “ಭಾರೀ ಮೋಸಾ ಮಾಡಿದ್ರಿ ನೀವು! ಎಷ್ಟ ಖರೇ ಖರೇ ಬಗ್ಗತಿದ್ರಿ! ಎಷ್ಟ ವರ್ಷದ ಪ್ರ್ಯಾಕ್ಟೀಸ್ರಿ ಇದು?”

ಅಕ್ಕ ನನ್ನ ಕೈಯಲ್ಲಿದ್ದ ಬ್ಯಾಟಿನಿಂದ ಒಂದು ಹೆಜ್ಜೆ ದೂರ ಸರಿದು ನಿಂತು ಹೇಳಿದಳು:

“ಪ್ರ್ಯಾಕ್ಟೀಸ್ ಎಲ್ಲೀದ್ರೀ ತಾಯಿ? ನಾ ಜೀವಾ ಉಳಿಸ್ಕೊಳ್ಳಾಕತ್ತಿದ್ನಿ.”